ಅರಳುಮರುಳು: ಜೀವಕೋಶದ ಮುಪ್ಪೂ ಬುದ್ಧಿಯ ಇಳಿತವೂ

೧. ಪ್ರಸ್ತಾವನೆ

“ಅರವತ್ತಕ್ಕೆ ಅರಳುಮರುಳು” ಎಂಬ ಗಾದೆಯು ಕನ್ನಡನಾಡಿನಲ್ಲೆಲ್ಲ ಬಳಕೆಯಲ್ಲಿರುವುದು. ಹಿಂದೆ ಬಳ್ಳಾರಿ ಸೀಮೆಯ ಪಡುವಣ ಭಾಗವೆನಿಸಿ, ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿಯೂ ಅದು ಮನೆಮಾತಾಗಿದೆ. ಉಂಡು ಕೈತೊಳೆದ ಅಜ್ಜನು ಗಳಿಗೆಯೊಳಗೆ ಮತ್ತೆ ಊಟ ಕೇಳಿದರೆ, ಅಜ್ಜಿಯು ಮಗಳನ್ನು ತನ್ನ ತಾಯಿಯೆಂದು ಕರೆದರೆ, ಬಾಳೆಲ್ಲ ನಡೆದ ಹೊಲದ ದಾರಿಯಲ್ಲಿ ಮುದುಕನೊಬ್ಬನು ದಿಕ್ಕುಗಾಣದೆ ನಿಂತರೆ, ಮನೆಯವರು ಈ ಮಾತನ್ನು ಹೇಳಿ ಸುಮ್ಮನಾಗುತ್ತಾರೆ. ಅದರಲ್ಲಿ ಅನಾದರವೇನೂ ಇಲ್ಲ. ವಯಸ್ಸಾದವರಿಗೆ ಹೀಗಾಗುವುದು ಸಹಜವೆಂಬ ಸಮಾಧಾನವೇ ಇದೆ. ಆದರೆ ಆ ಸಮಾಧಾನವೇ ಚಿಕಿತ್ಸೆಯ ದಾರಿಯನ್ನು ಮುಚ್ಚುವುದುಂಟು.

ಗಾದೆಯ ಮಾತು ಅಕ್ಷರಶಃ ನಿಜವೆ? ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಅಂದಾಜಿನ ಪ್ರಕಾರ, ೬೦ ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ ೭.೪ ಮಂದಿ ವೈದ್ಯರು ಡಿಮೆನ್ಷಿಯವೆಂದು ಕರೆಯುವ ಬುದ್ಧಿಕ್ಷಯಕ್ಕೆ ಒಳಗಾಗಿದ್ದಾರೆ. ಒಟ್ಟು ಸಂಖ್ಯೆಯು ಸುಮಾರು ೮೮ ಲಕ್ಷ. ಗಂಡಸರಿಗಿಂತ ಹೆಂಗಸರಲ್ಲಿಯೂ ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೂ ಇದರ ಪ್ರಮಾಣ ಹೆಚ್ಚು. ಈ ಲೆಕ್ಕವನ್ನು ಎರಡು ಬಗೆಯಾಗಿ ಓದಬಹುದು. ೮೮ ಲಕ್ಷವೆಂಬುದು ಅಲಕ್ಷಿಸತಕ್ಕ ಸಂಖ್ಯೆಯಲ್ಲವೆಂಬುದು ಒಂದು. ಅರವತ್ತು ದಾಟಿದ ನೂರು ಮಂದಿಯಲ್ಲಿ ತೊಂಬತ್ತಕ್ಕಿಂತ ಹೆಚ್ಚು ಜನರು ಈ ಸ್ಥಿತಿಗೆ ಬಂದಿಲ್ಲವೆಂಬುದು ಇನ್ನೊಂದು. ಮುಪ್ಪೆಂದರೆ ಅರಳುಮರುಳು ಎಂಬ ಸಮೀಕರಣವನ್ನು ಎರಡನೆಯ ಅಂಶವು ಒಡೆಯುತ್ತದೆ.

ಮುಪ್ಪಿಗೂ ಈ ರೋಗಕ್ಕೂ ಇರುವ ನಿಜವಾದ ಸಂಬಂಧವೇನೆಂಬುದನ್ನು ಜೀವಕೋಶದ ಮಟ್ಟದಲ್ಲಿ ವಿವರಿಸುವುದೂ, ಎರಡನ್ನೂ ಬೇರ್ಪಡಿಸಿ ನೋಡುವ ಕೆಲಸದಲ್ಲಿ ಭಾಷಾಜ್ಞರಿಗೂ ಸಾಹಿತ್ಯದ ಅಧ್ಯಾಪಕರಿಗೂ ಪಾಲುಂಟೆಂದು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶ.

೨. ಶಬ್ದವಿಚಾರ

ಹಳಗನ್ನಡ ಕಾವ್ಯಗಳ ರಣರಂಗವರ್ಣನೆಗಳಲ್ಲಿ ‘ಮರುಳ್’ ಎಂಬುದು ಪಿಶಾಚವಾಚಕವಾಗಿ ಬರುವುದನ್ನು ವಾಚಕರು ಬಲ್ಲರು. ಅದೇ ಶಬ್ದವು ಭ್ರಮೆ, ಹುಚ್ಚು, ಮೋಹ ಎಂಬ ಅರ್ಥಗಳಿಗೂ ಹರಿದಿದೆ. ಭಕ್ತಿಯ ಪರವಶತೆಯೂ ಅದರ ವ್ಯಾಪ್ತಿಗೆ ಸೇರಿರುವುದರಿಂದ, ನಾವು ಎತ್ತಿಕೊಂಡ ಪ್ರಾಂತದಲ್ಲಿಯೇ, ಕೊಟ್ಟೂರು ತಾಲ್ಲೂಕಿನ ಉಜ್ಜಿನಿಯಲ್ಲಿ, ಮರುಳಸಿದ್ಧನೆಂಬ ಹೆಸರು ಪೂಜ್ಯವಾಗಿದೆ. ‘ಮರವೆ’ ಎಂಬುದು ವಚನಗಳಲ್ಲಿ ‘ಅರಿವಿ’ಗೆ ಪ್ರತಿಯಾಗಿ ನಿಂತು ಆತ್ಮದ ಅಜ್ಞಾನವನ್ನು ಸೂಚಿಸುವುದುಂಟು. ದಿನಬಳಕೆಯ ‘ಮರೆವು’ ಕೇವಲ ನೆನಪು ತಪ್ಪುವುದು. ಹೀಗೆ ಬೇರೆ ಬೇರೆ ಛಾಯೆಗಳ ಶಬ್ದಗಳು ನಮ್ಮಲ್ಲಿದ್ದರೂ, ಮುದುಕರ ವಿಷಯದಲ್ಲಿ ‘ಅರಳುಮರುಳು’ ಎಂಬ ಜೋಡುನುಡಿಯೊಂದೇ ಎಲ್ಲವನ್ನೂ ನುಂಗಿಕೊಂಡಿದೆ. ಕನ್ನಡಕವನ್ನು ಎಲ್ಲಿಟ್ಟೆನೆಂದು ಹುಡುಕುವವರಿಗೂ, ಕನ್ನಡಕವೆಂದರೇನೆಂದು ಮರೆತವರಿಗೂ ಅದೇ ಹೆಸರು.

ನಮ್ಮ ಸಾಹಿತ್ಯಪರಂಪರೆಯು ಈ ಸಮೀಕರಣವನ್ನು ಎಲ್ಲ ಕಡೆಯಲ್ಲಿಯೂ ಒಪ್ಪಿಲ್ಲವೆಂಬುದು ಗಮನಾರ್ಹ. ಮುಪ್ಪನ್ನು ಕುರಿತ ಬಸವಣ್ಣನವರ ಪ್ರಸಿದ್ಧ ವಚನವು ನರೆ, ಸುಕ್ಕು, ಬಿದ್ದ ಹಲ್ಲು, ಬಾಗಿದ ಬೆನ್ನು, ಊರುಗೋಲುಗಳನ್ನು ಒಂದೊಂದಾಗಿ ಎಣಿಸುತ್ತದೆ. ಬುದ್ಧಿಭ್ರಮೆಯು ಆ ಪಟ್ಟಿಯಲ್ಲಿಲ್ಲ. ದ. ರಾ. ಬೇಂದ್ರೆಯವರು ಅರವತ್ತನ್ನು ಮುಟ್ಟಿದ ಕಾಲದ ಕವನಸಂಪುಟಕ್ಕೆ ಗಾದೆಯ ಮಾತನ್ನೇ ತುಸು ತಿರುಗಿಸಿ ‘ಅರಳು ಮರಳು’ ಎಂದು ಹೆಸರಿಟ್ಟರು. ಅದಕ್ಕೆ ೧೯೫೮ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರು ೨೦೧೧ರಲ್ಲಿ ಬೆಂಗಳೂರಿನ ಸಾಹಿತ್ಯಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದಾಗ ಅವರಿಗೆ ೯೭ ವರ್ಷ. ೨೦೨೧ರಲ್ಲಿ ತೀರಿಕೊಂಡಾಗ ೧೦೭. ಶಬ್ದಗಳನ್ನು ನೆನಪಿನಲ್ಲಿಟ್ಟು ತೂಗುವ ವೃತ್ತಿಯು ಇಷ್ಟು ದೀರ್ಘಕಾಲ ನಡೆಯಬಲ್ಲುದಾದರೆ, ವಯಸ್ಸು ಒಂದೇ ಬುದ್ಧಿಯನ್ನು ಅಳಿಸುವುದೆಂದು ಹೇಳುವಂತಿಲ್ಲ.

೩. ಆಲ್ಜೈಮರನು ಕಂಡುದು

ಬುದ್ಧಿಕ್ಷಯಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅತ್ಯಂತ ಸಾಮಾನ್ಯವಾದುದು ಆಲ್ಜೈಮರ್ ರೋಗ. ಆ ರೋಗದ ಚರಿತ್ರೆಯೇ ನಮ್ಮ ಗಾದೆಗೆ ಒಂದು ಆಕ್ಷೇಪವಾಗಿದೆ. ೧೯೦೧ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಚಿಕಿತ್ಸಾಲಯಕ್ಕೆ ಆಗಸ್ಟೆ ಡೀಟರ್ ಎಂಬ ಹೆಂಗಸನ್ನು ಕರೆತಂದರು. ಆಕೆಯ ವಯಸ್ಸು ೫೧. ಗಂಡನ ಮೇಲೆ ಕಾರಣವಿಲ್ಲದ ಸಂಶಯ, ಬೇಗಬೇಗನೆ ಕ್ಷೀಣಿಸುವ ನೆನಪು, ಮನೆಯೊಳಗೇ ದಾರಿ ತಪ್ಪುವುದು, ಮಾತಿನ ನಡುವೆ ಶಬ್ದಗಳು ಸಿಗದೆ ಹೋಗುವುದು, ಇವು ಆಕೆಯ ಲಕ್ಷಣಗಳಾಗಿದ್ದುವು. ಆಲಾಯ್ಸ್ ಆಲ್ಜೈಮರ್ ಎಂಬ ವೈದ್ಯನು ಆಕೆಯನ್ನು ಪರೀಕ್ಷಿಸಿ ಪ್ರಶ್ನೋತ್ತರಗಳನ್ನು ಬರೆದಿಟ್ಟನು. ೧೯೦೬ರ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಮೇಲೆ, ಆಗ ಮ್ಯೂನಿಕ್‌ನಲ್ಲಿದ್ದ ಅವನು ಆಕೆಯ ಮಿದುಳನ್ನು ತರಿಸಿಕೊಂಡು, ಬೆಳ್ಳಿಯ ಲವಣಗಳಿಂದ ಬಣ್ಣಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದನು. ನರಕೋಶಗಳ ಒಳಗೆ ದಪ್ಪನಾದ ನಾರುಗಂಟುಗಳೂ, ಕೋಶಗಳ ನಡುವೆ ಚಕ್ಕೆಚಕ್ಕೆಯಾಗಿ ಹರಡಿದ ವಿಚಿತ್ರ ಪದಾರ್ಥವೊಂದೂ ಕಾಣಿಸಿದುವು. ಅದೇ ವರ್ಷದ ನವೆಂಬರಿನಲ್ಲಿ ಟ್ಯೂಬಿಂಗೆನ್ ನಗರದ ವಿದ್ವತ್ಸಭೆಯಲ್ಲಿ ಅವನು ಈ ವಿಷಯವನ್ನು ಮಂಡಿಸಿದನು. ೧೯೧೦ರಲ್ಲಿ ಎಮಿಲ್ ಕ್ರೇಪೆಲಿನನು ತನ್ನ ಗ್ರಂಥದಲ್ಲಿ ಈ ವ್ಯಾಧಿಗೆ ಆಲ್ಜೈಮರನ ಹೆಸರನ್ನಿಟ್ಟನು.

ಆ ಬಳಿಕ ಅರ್ಧ ಶತಮಾನದಷ್ಟು ಕಾಲ ಆಲ್ಜೈಮರ್ ರೋಗವೆಂದರೆ ನಡುವಯಸ್ಸಿನವರಿಗೆ ಬರುವ ಅಪರೂಪದ ವ್ಯಾಧಿಯೆಂದೂ, ಮುದುಕರ ಬುದ್ಧಿಕ್ಷಯವು ಬರಿಯ ಮುಪ್ಪಿನ ಫಲವೆಂದೂ ಪಾಶ್ಚಾತ್ಯ ವೈದ್ಯರೇ ನಂಬಿದ್ದರು. ಅವರಲ್ಲಿಯೂ ಒಂದು ಬಗೆಯ ಅರಳುಮರುಳಿನ ಗಾದೆ ಇದ್ದಿತೆನ್ನಬೇಕು. ೧೯೬೦ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಶವಪರೀಕ್ಷೆಗಳು ಮುದುಕರ ಮಿದುಳಿನಲ್ಲಿಯೂ ಅದೇ ಚಕ್ಕೆಗಳನ್ನೂ ಅದೇ ಗಂಟುಗಳನ್ನೂ ತೋರಿಸಿದುವು. ಎರಡೂ ಒಂದೇ ರೋಗವೆಂದು ೧೯೭೬ರಲ್ಲಿ ರಾಬರ್ಟ್ ಕಾಟ್ಜ್‌ಮನ್ ಬರೆದ ಮೇಲೆ ಆ ಅಭಿಪ್ರಾಯವು ಸ್ಥಿರಪಟ್ಟಿತು. ಚಕ್ಕೆಯ ಮುಖ್ಯ ಪದಾರ್ಥವು ಅಮಿಲಾಯ್ಡ್ ಬೀಟಾ ಎಂಬ ಸಣ್ಣ ಪ್ರೋಟೀನ್ ತುಣುಕೆಂದು ೧೯೮೪ರಲ್ಲಿ ತಿಳಿದುಬಂದಿತು. ಗಂಟುಗಳು ಟೌ ಎಂಬ ಪ್ರೋಟೀನಿನಿಂದಾದುವೆಂಬುದು ಅದಾದ ಸ್ವಲ್ಪ ಕಾಲದಲ್ಲಿಯೇ ಗೊತ್ತಾಯಿತು.

೪. ಜೀವಕೋಶಕ್ಕೆ ಮುಪ್ಪೆಂದರೇನು?

ಹಾಗಾದರೆ ಮುಪ್ಪಿಗೂ ರೋಗಕ್ಕೂ ಸಂಬಂಧವೇ ಇಲ್ಲವೆ? ಬಲವಾಗಿ ಉಂಟು. ೬೫ರ ಮೇಲೆ ಸುಮಾರು ಐದೈದು ವರ್ಷಕ್ಕೊಮ್ಮೆ ಈ ರೋಗ ಬರುವ ಸಂಭವವು ಇಮ್ಮಡಿಸುತ್ತ ಹೋಗುವುದು. ಇದಕ್ಕೆ ಕಾರಣವನ್ನು ತಿಳಿಯಬೇಕಾದರೆ ಜೀವಕೋಶದ ಮುಪ್ಪನ್ನು ಅರಿಯಬೇಕು.

೧೯೬೧ರಲ್ಲಿ ಅಮೆರಿಕದ ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ ಎಂಬವರು ಮನುಷ್ಯನ ಸಾಮಾನ್ಯ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ, ಅವು ಸುಮಾರು ೫೦ ಸಲ ಇಬ್ಭಾಗವಾದ ಮೇಲೆ ವಿಭಜನೆಯನ್ನು ನಿಲ್ಲಿಸಿಬಿಡುವುವೆಂದು ತೋರಿಸಿದರು. ಪ್ರತಿ ವಿಭಜನೆಯಲ್ಲಿಯೂ ವರ್ಣತಂತುವಿನ ತುದಿಯಲ್ಲಿರುವ ಟೆಲೊಮಿಯರ್ ಎಂಬ ಭಾಗವು ಸವೆಯುತ್ತದೆ; ಜೋಡಿನ ದಾರದ ತುದಿಗೆ ಹಾಕಿದ ಕಟ್ಟು ಸವೆದರೆ ದಾರವು ಬಿಚ್ಚಿಕೊಳ್ಳುವಂತೆ ತಂತುವೂ ಅಪಾಯಕ್ಕೊಳಗಾಗುತ್ತದೆ. ಅಂತಹ ಸ್ಥಿತಿ ಒದಗಿದ ಕೋಶವು ವಿಭಜಿಸುವುದನ್ನು ಬಿಡುತ್ತದೆ. ಟೆಲೊಮಿಯರಿನ ರಹಸ್ಯವನ್ನು ಬಿಡಿಸಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್, ಕ್ಯಾರೊಲ್ ಗ್ರೈಡರ್, ಜಾಕ್ ಶೋಸ್ಟಾಕ್ ಎಂಬ ಮೂವರಿಗೆ ೨೦೦೯ರಲ್ಲಿ ನೊಬೆಲ್ ಪಾರಿತೋಷಕ ದೊರಕಿತು. ತುದಿಯ ಸವೆತ ಮಾತ್ರವೇ ಅಲ್ಲದೆ, ವಂಶವಾಹಿಗೆ ತಗಲುವ ಇತರ ಪೆಟ್ಟುಗಳೂ, ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಗಳ ಕೆಡಕೂ ಕೋಶವನ್ನು ಮುಪ್ಪಿಗೆ ತಳ್ಳಬಲ್ಲುವು.

ಮುಪ್ಪಾದ ಕೋಶವು ಸತ್ತ ಕೋಶವಲ್ಲ. ಅದು ವಿಭಜಿಸದೆ ಬದುಕಿದ್ದು, ಉರಿಯೂತವನ್ನೆಬ್ಬಿಸುವ ಹಲವು ರಾಸಾಯನಿಕಗಳನ್ನು ಸುತ್ತಲೂ ಒಸರಿಸುತ್ತದೆ. ಎಳೆಯ ದೇಹದಲ್ಲಿ ರಕ್ಷಣಾಕೋಶಗಳು ಇಂತಹವುಗಳನ್ನು ಹುಡುಕಿ ತೆಗೆದುಹಾಕುತ್ತವೆ. ವಯಸ್ಸಾದಂತೆಲ್ಲ ತೆಗೆಯುವ ಕೆಲಸವು ನಿಧಾನವಾಗಿ, ಇವು ಶೇಖರವಾಗುತ್ತವೆ. ಬುಟ್ಟಿಯಲ್ಲಿ ಕೊಳೆತ ಉಳ್ಳಾಗಡ್ಡಿ ಒಂದಿದ್ದರೆ ಪಕ್ಕದವೂ ಕೊಳೆಯುವುದನ್ನು ಕೊಟ್ಟೂರು ಕೂಡ್ಲಿಗಿಗಳ ಬೆಳೆಗಾರರು ಬಲ್ಲರು. ಇಲ್ಲಿ ನಡೆಯುವುದೂ ಸ್ಥೂಲವಾಗಿ ಅದೇ. ಒಂದು ಕೋಶದ ಒಸರು ನೆರೆಯ ಕೋಶವನ್ನೂ ಮುಪ್ಪಿಗೆಳೆಯುತ್ತದೆ.

೫. ಮುಪ್ಪಿನಿಂದ ರೋಗಕ್ಕೆ

ಇಲ್ಲಿ ಒಂದು ಪ್ರಶ್ನೆ ಏಳುವುದು. ಪ್ರಾಯಕ್ಕೆ ಬಂದವರ ನರಕೋಶಗಳು ಸಾಮಾನ್ಯವಾಗಿ ವಿಭಜಿಸುವುದೇ ಇಲ್ಲ. ಹುಟ್ಟಿನಿಂದ ಬಂದ ಕೋಶಗಳೇ ಬಹುಮಟ್ಟಿಗೆ ಕಡೆಯವರೆಗೂ ದುಡಿಯುತ್ತವೆ. ಹೀಗಿರಲು ಹೇಫ್ಲಿಕನ ಮಿತಿಯು ಮಿದುಳಿಗೆ ಹೇಗೆ ಅನ್ವಯಿಸೀತು?

ಉತ್ತರವು ಮುಖ್ಯವಾಗಿ ನರಕೋಶಗಳ ಪರಿವಾರದಲ್ಲಿದೆ. ಅವುಗಳನ್ನು ಪೋಷಿಸುವ, ಕಸವನ್ನು ಗುಡಿಸುವ, ಅವುಗಳ ತಂತುಗಳಿಗೆ ಹೊದಿಕೆಯನ್ನು ಒದಗಿಸುವ ಗ್ಲಿಯ ಎಂಬ ಕೋಶಗಳುಂಟು. ಇವುಗಳಲ್ಲಿ ಹಲವಕ್ಕೆ ವಿಭಜನಶಕ್ತಿ ಇರುವುದರಿಂದ ಇವು ಮುಪ್ಪಿಗೊಳಗಾಗುತ್ತವೆ. ದೇಹದ ತೂಕದಲ್ಲಿ ನೂರಕ್ಕೆ ಎರಡರಷ್ಟಿದ್ದು, ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಬಳಸುವ ಮಿದುಳಿನಲ್ಲಿ ಪರಿಚಾರಕರು ಸೊರಗಿದರೆ ಯಜಮಾನನಿಗೆ ಬಾಧೆ ತಪ್ಪದು. ಕಸ ಗುಡಿಸುವ ಕೋಶಗಳು ಮುಪ್ಪಾದಾಗ ಅಮಿಲಾಯ್ಡ್ ತುಣುಕುಗಳು ತೊಲಗದೆ ಉಳಿಯುತ್ತವೆ, ಉರಿಯೂತವು ಹೆಚ್ಚುತ್ತದೆ, ಟೌ ಪ್ರೋಟೀನು ವಿಕಾರಗೊಂಡು ಗಂಟಾಗುವುದಕ್ಕೆ ಅನುಕೂಲವಾಗುತ್ತದೆ. ಗಂಟುಗಳು ಮೂಡಿದ ನರಕೋಶಗಳಲ್ಲಿಯೂ ಮುಪ್ಪಿನ ಗುರುತುಗಳು ಕಂಡುಬಂದಿವೆ. ಮುಪ್ಪು ರೋಗವನ್ನೂ ರೋಗವು ಮುಪ್ಪನ್ನೂ ಪ್ರಚೋದಿಸುವ ವರ್ತುಲವು ಹೀಗೆ ಏರ್ಪಡುತ್ತದೆ.

ಇದು ಊಹೆ ಮಾತ್ರವಲ್ಲ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಸಂಶೋಧಕರು ಟೌ ವಿಕಾರವುಳ್ಳ ಇಲಿಗಳಲ್ಲಿ ಮುಪ್ಪಾದ ಗ್ಲಿಯ ಕೋಶಗಳನ್ನು ಆರಿಸಿ ನಾಶಮಾಡಿದಾಗ, ಗಂಟುಗಳು ಕಡಿಮೆಯಾಗಿ ಇಲಿಗಳ ನೆನಪಿನ ಶಕ್ತಿಯು ಉಳಿಯಿತೆಂದು ೨೦೧೮ರಲ್ಲಿ ಪ್ರಕಟಿಸಿದರು. ಅಮಿಲಾಯ್ಡ್ ಚಕ್ಕೆಗಳ ಸುತ್ತ ಮುಪ್ಪಾದ ಗ್ಲಿಯ ಕೋಶಗಳು ನೆರೆದಿರುವುದೂ, ಅವನ್ನು ಔಷಧದಿಂದ ತೆಗೆದರೆ ಇಲಿಗಳಿಗೆ ಗುಣವಾಗುವುದೂ ೨೦೧೯ರಲ್ಲಿ ವರದಿಯಾಯಿತು. ಆ ಔಷಧಗಳಲ್ಲಿ ಒಂದು ರಕ್ತದ ಕ್ಯಾನ್ಸರಿಗೆ ಕೊಡುವ ಡಾಸಾಟಿನಿಬ್. ಇನ್ನೊಂದು ಉಳ್ಳಾಗಡ್ಡಿಯೇ ಮೊದಲಾದ ಸಸ್ಯಗಳಲ್ಲಿರುವ ಕ್ವೆರ್ಸೆಟಿನ್. ಇವೆರಡನ್ನೂ ೧೨ ವಾರ ಕಾಲ ಐವರು ರೋಗಿಗಳಿಗೆ ಕೊಟ್ಟು ನೋಡಿದ ಮೊದಲ ಪ್ರಯೋಗವು ೨೦೨೩ರಲ್ಲಿ ಪ್ರಕಟವಾಯಿತು. ನಾಲ್ವರ ಮಿದುಳುಬಳ್ಳಿಯ ದ್ರವದಲ್ಲಿ ಡಾಸಾಟಿನಿಬ್ ಸಿಕ್ಕಿತು, ಕ್ವೆರ್ಸೆಟಿನ್ ಸಿಕ್ಕಲಿಲ್ಲ. ಐವರ ಪ್ರಯೋಗದಿಂದ ಚಿಕಿತ್ಸೆಯ ಫಲವನ್ನು ನಿರ್ಣಯಿಸಲಾಗದು. ಉಳ್ಳಾಗಡ್ಡಿಯನ್ನು ಹೆಚ್ಚಾಗಿ ತಿಂದರೆ ನೆನಪು ಮರಳುವುದೆಂಬ ಅರ್ಥವಂತೂ ಇದಕ್ಕೆ ಸರ್ವಥಾ ಇಲ್ಲ.

ಅಮಿಲಾಯ್ಡನ್ನು ತೊಳೆಯುವ ಲೆಕನೆಮಾಬ್ ಎಂಬ ಔಷಧಕ್ಕೆ ಅಮೆರಿಕವು ೨೦೨೩ರಲ್ಲಿ ಅನುಮತಿಯನ್ನಿತ್ತಿತು. ರೋಗದ ಆರಂಭದಲ್ಲಿರುವವರಲ್ಲಿ ೧೮ ತಿಂಗಳ ಅವಧಿಯ ಇಳಿತವನ್ನು ಅದು ನೂರಕ್ಕೆ ೨೭ರಷ್ಟು ನಿಧಾನಗೊಳಿಸಿತು. ಹೋದ ನೆನಪನ್ನು ತಂದುಕೊಡಲಿಲ್ಲ. ಮಿದುಳಿನಲ್ಲಿ ಬಾವು ಮತ್ತು ರಕ್ತಸ್ರಾವಗಳ ಭಯವಿರುವುದರಿಂದ ಅದನ್ನು ಪಡೆಯುವವರಿಗೆ ಪದೇ ಪದೇ ಮಿದುಳಿನ ಚಿತ್ರವನ್ನು ತೆಗೆಯಬೇಕಾಗುತ್ತದೆ. ಈ ಎಲ್ಲದರಿಂದ ತಿಳಿಯಬರುವುದೇನೆಂದರೆ, ಮುಪ್ಪು ಹೊಲವಿದ್ದಂತೆ, ರೋಗವು ಅದರಲ್ಲಿ ಬೇರೂರುವ ಕಳೆಯಿದ್ದಂತೆ. ಎಲ್ಲ ಹೊಲದಲ್ಲಿಯೂ ಆ ಕಳೆ ಹುಟ್ಟುವುದಿಲ್ಲ. ಹುಟ್ಟಿದಲ್ಲಿ ಮೊಳಕೆಯಲ್ಲಿಯೇ ಗುರುತಿಸಿದರೆ ಮಾತ್ರ ಏನಾದರೂ ಮಾಡುವುದು ಸಾಧ್ಯ.

೬. ತಿರುಗಿಸಬಹುದಾದ ಮರೆವು

ಬೇಗ ಗುರುತಿಸಬೇಕೆಂಬುದಕ್ಕೆ ಇದಕ್ಕಿಂತ ಸಮೀಪದ ಕಾರಣವೊಂದುಂಟು. ಅರಳುಮರುಳೆಂದು ಕಾಣುವುದೆಲ್ಲ ಆಲ್ಜೈಮರ್ ರೋಗವಲ್ಲ. ಬಿ-೧೨ ಜೀವಸತ್ವದ ಕೊರತೆ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ಮುದುಕರಲ್ಲಿ ಬಾಯಿಬಿಡದೆ ಕುಳಿತ ಖಿನ್ನತೆ, ನಿದ್ರೆಯ ಮಾತ್ರೆಗಳ ಅತಿಬಳಕೆ, ಜಾರಿಬಿದ್ದ ಕೆಲವು ವಾರಗಳ ಮೇಲೆ ತಲೆಬುರುಡೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೂ ಅದೇ ರೂಪದಲ್ಲಿ ಕಾಣಿಸಿಕೊಳ್ಳಬಲ್ಲುವು. ಇವುಗಳಿಗೆ ಚಿಕಿತ್ಸೆಯುಂಟು, ಕೆಲವರು ಪೂರ್ತಿಯಾಗಿ ಚೇತರಿಸಿಕೊಳ್ಳುವುದೂ ಉಂಟು. ಕಿವಿ ಕೇಳಿಸದವರು ತಪ್ಪು ಉತ್ತರ ಕೊಟ್ಟು ಮರುಳರೆನಿಸುವುದೂ ಅಪರೂಪವಲ್ಲ. ಇಂತಹ ಒಬ್ಬ ಮುದುಕಿಯನ್ನು ಗಾದೆ ಹೇಳಿ ಮೂಲೆಯಲ್ಲಿ ಕೂರಿಸಿದರೆ ಆಗುವ ನಷ್ಟವು ಬರಿಯ ಮಾತಿನಿಂದಾದ ನಷ್ಟ.

ಆಲ್ಜೈಮರ್ ರೋಗದಲ್ಲಿಯೂ ಕೈಚೆಲ್ಲಿ ಕೂರಬೇಕಾಗಿಲ್ಲ. ಬಾಲ್ಯದ ವಿದ್ಯಾಭಾವ, ಕಿವುಡು, ರಕ್ತದ ಒತ್ತಡ, ಮಧುಮೇಹ, ಧೂಮಪಾನ, ಒಂಟಿತನ ಮೊದಲಾದ ೧೪ ಕಾರಣಗಳನ್ನು ನಿವಾರಿಸಿದರೆ ಪ್ರಪಂಚದ ಬುದ್ಧಿಕ್ಷಯದಲ್ಲಿ ನೂರಕ್ಕೆ ೪೫ರಷ್ಟನ್ನು ತಡೆಯಬಹುದು ಇಲ್ಲವೆ ಮುಂದೂಡಬಹುದೆಂದು ‘ಲ್ಯಾನ್ಸೆಟ್’ ಪತ್ರಿಕೆಯ ತಜ್ಞಮಂಡಲಿಯು ೨೦೨೪ರಲ್ಲಿ ಅಂದಾಜುಮಾಡಿತು. ಕರ್ಣಾಟಕದಲ್ಲಿ ಸರಕಾರವೂ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಸೇರಿ ೨೦೨೨ರಲ್ಲಿ ಆರಂಭಿಸಿದ ಮಿದುಳಿನ ಆರೋಗ್ಯದ ಯೋಜನೆಯು, ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೆ ಇಂತಹ ರೋಗಗಳನ್ನು ಗುರುತಿಸುವ ಶಿಕ್ಷಣವನ್ನು ಕೊಡುವ ಉದ್ದೇಶವುಳ್ಳದ್ದು. ಹಳ್ಳಿಗರ ಮಿದುಳು ಮುಪ್ಪಾಗುವ ಬಗೆಯನ್ನರಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನ ಕೇಂದ್ರವು ೨೦೧೮ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ದೀರ್ಘಾವಧಿಯ ಅಧ್ಯಯನವನ್ನು ಕೈಗೊಂಡಿತು. ೪೫ ವರ್ಷ ಮೀರಿದ ಹತ್ತು ಸಾವಿರ ಮಂದಿಯನ್ನು ಸೇರಿಸಿಕೊಂಡು ಮತ್ತೆ ಮತ್ತೆ ಪರೀಕ್ಷಿಸುವುದು ಅದರ ಗುರಿ.

೭. ಭಾಷೆಯೆಂಬ ಅಳತೆಗೋಲು

ಈಗ ನಮ್ಮ ವಾಚಕರಿಗೆ ನೇರವಾಗಿ ಸಂಬಂಧಿಸಿದ ವಿಷಯಕ್ಕೆ ಬರೋಣ. ಬುದ್ಧಿಯ ಇಳಿತವನ್ನು ಗುರುತಿಸುವ ಮೊದಲ ಸಾಧನವು ಯಂತ್ರವಲ್ಲ, ಸಂಭಾಷಣೆ. ಲೋಕದಲ್ಲೆಲ್ಲ ಬಳಕೆಯಲ್ಲಿರುವ, ೧೯೭೫ರಲ್ಲಿ ಅಮೆರಿಕದಲ್ಲಿ ರಚಿತವಾದ ಪ್ರಶ್ನಾವಳಿಯು ಇಂದಿನ ತಾರೀಖನ್ನು ಕೇಳುತ್ತದೆ. ಒಂದು ವಾಕ್ಯವನ್ನು ಓದಿಸಿ, ಒಂದನ್ನು ಬರೆಯಿಸುತ್ತದೆ. ನೂರರಿಂದ ಏಳೇಳನ್ನು ಕಳೆಯಿಸುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಕುರಿಗಾಹಿಯೊಬ್ಬನು ಇದರಲ್ಲಿ ಸೋತರೆ ಸೋತುದು ಅವನ ಬುದ್ಧಿಯೋ ಪ್ರಶ್ನಾವಳಿಯೋ? ಹರಿಯಾಣದ ಬಲ್ಲಭಗಢದ ಅನಕ್ಷರಸ್ಥ ವೃದ್ಧರಿಗಾಗಿ ಈ ಪ್ರಶ್ನಾವಳಿಯನ್ನು ಹಿಂದಿಯಲ್ಲಿ ಮಾರ್ಪಡಿಸಿದುದು ೧೯೯೫ರಲ್ಲಿ ಪ್ರಕಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತು ಅನಂತರ ಹಿಂದಿ, ಬಂಗಾಳಿ, ತೆಲುಗು, ಮಲೆಯಾಳಗಳೊಡನೆ ಕನ್ನಡದಲ್ಲಿಯೂ ಪರೀಕ್ಷೆಗಳ ಒಂದು ಸಂಪುಟವನ್ನು ಸಿದ್ಧಪಡಿಸಿದೆ.

ಈ ಕೆಲಸವು ಬರಿಯ ಅನುವಾದದಿಂದ ಮುಗಿಯತಕ್ಕುದಲ್ಲ. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಹೇಳಿ, ಅದರಿಂದ ಆರಂಭವಾಗುವ ಶಬ್ದಗಳನ್ನು ಒಂದು ನಿಮಿಷದಲ್ಲಿ ಹೇಳಿಸುವ ಪರೀಕ್ಷೆಯುಂಟು. ಕನ್ನಡದಲ್ಲಿ ‘ಕ’ ಎಂದು ಕೊಟ್ಟರೆ ಕೊಡ, ಕುರಿ, ಕೇರಿಗಳು ಲೆಕ್ಕಕ್ಕೆ ಬರುವುವೆ? ವ್ಯಾಕರಣಜ್ಞನು ಒಂದು ಉತ್ತರವನ್ನೂ, ಓದುಬಾರದ ಅಜ್ಜಿ ಇನ್ನೊಂದನ್ನೂ ಹೇಳಿಯಾರು. ಪ್ರಾಣಿಗಳ ಹೆಸರನ್ನೋ ಕಾಳುಕಡ್ಡಿಗಳ ಹೆಸರನ್ನೋ ಕೇಳುವುದು ಇದಕ್ಕಿಂತ ಮೇಲು. ತಾರೀಖನ್ನು ಅರಿಯದ ರೈತನು ಅಮಾವಾಸ್ಯೆ ಹುಣ್ಣಿಮೆಗಳನ್ನೂ ಮಳೆಯ ನಕ್ಷತ್ರಗಳನ್ನೂ ತಪ್ಪದೆ ಹೇಳಬಲ್ಲನು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಸಂದರ್ಭದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕದ ಒಂದು ಸಾಲಿನ ಮಾತು ಸುತ್ತಣ ಊರುಗಳಲ್ಲೆಲ್ಲ ಚರ್ಚೆಗೊಳಗಾಗುತ್ತದೆ. ಹಳೆಯ ಕಾರ್ಣಿಕಗಳನ್ನು ಹೇಳಿ ಈ ವರ್ಷದ್ದನ್ನು ಮಾತ್ರ ಹೇಳಲಾರದವನ ಹೊಸ ನೆನಪು ಕುಂದುತ್ತಿರಬಹುದೆಂದು ಶಂಕಿಸಬಹುದು. ಈ ರೋಗದಲ್ಲಿ ಮೊದಲು ಕೆಡುವುದು ಇತ್ತೀಚಿನ ನೆನಪು. ವಾಸನೆಯನ್ನು ಗುರುತಿಸುವ ಶಕ್ತಿಯೂ ಆರಂಭದಲ್ಲಿಯೇ ಕುಂದುವುದರಿಂದ, ಪರದೇಶದ ಸುಗಂಧಗಳಿಗೆ ಬದಲಾಗಿ ಹಡಗಲಿಯ ಮಲ್ಲಿಗೆಯನ್ನು ಮೂಸಿಸಿ ಕೇಳುವುದು ಯುಕ್ತ. ಇವು ಸೂಚನೆಗಳು ಮಾತ್ರ. ಆರೋಗ್ಯವಂತರ ಮೇಲೂ ರೋಗಿಗಳ ಮೇಲೂ ಪ್ರಯೋಗಿಸಿ ಸಿದ್ಧಪಡಿಸಿದ ಹೊರತು ಇವುಗಳಿಗೆ ಶಾಸ್ತ್ರದ ಬೆಲೆ ಬಾರದು.

ಅನಕ್ಷರತೆಯನ್ನು ಬುದ್ಧಿದೌರ್ಬಲ್ಯವೆಂದು ತಿಳಿಯಬಾರದೆಂಬುದಕ್ಕೆ ಈ ಸೀಮೆಯ ನಿದರ್ಶನವು ಪ್ರಸಿದ್ಧವಾಗಿದೆ. ನೆರೆಯ ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮನವರು, ೨೦೧೪ರಲ್ಲಿ ತೀರಿಕೊಂಡವರು, ಓದುಬರೆಹ ಬಾರದವರಾಗಿದ್ದೂ ಹಲವು ದೀರ್ಘ ಬುರ್ರಕಥೆಗಳನ್ನು ಕಂಠಸ್ಥವಾಗಿ ಹಾಡುತ್ತಿದ್ದರು. ಅಂತಹವರ ನೆನಪನ್ನು ಅಳೆಯಲು ಕಾಗದ ಮತ್ತು ಪೆನ್ಸಿಲುಗಳು ಸಾಲವು.

ಇನ್ನೊಂದು ಅಂಶವು ಈ ಪ್ರಾಂತಕ್ಕೆ ವಿಶೇಷವಾಗಿ ಅನ್ವಯಿಸುವುದು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ ೬೪೮ ಮಂದಿ ರೋಗಿಗಳನ್ನು ಪರೀಕ್ಷಿಸಿ, ಎರಡು ಭಾಷೆಗಳನ್ನಾಡುವವರಿಗೆ ಬುದ್ಧಿಕ್ಷಯವು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ ತೋರಿತೆಂದು ೨೦೧೩ರಲ್ಲಿ ಪ್ರಕಟಿಸಿದರು. ಅನಕ್ಷರಸ್ಥರಲ್ಲಿಯೂ ಈ ವ್ಯತ್ಯಾಸವು ಕಂಡುದರಿಂದ, ಇದನ್ನು ಶಾಲಾವಿದ್ಯೆಯ ಫಲವೆನ್ನುವಂತಿಲ್ಲ. ಬೆಂಗಳೂರಿನ ವೃದ್ಧರಲ್ಲಿ ನಡೆದು ೨೦೨೪ರಲ್ಲಿ ಪ್ರಕಟವಾದ ಅಧ್ಯಯನದಲ್ಲಿಯೂ ದ್ವಿಭಾಷಿಗಳಲ್ಲಿ ಬುದ್ಧಿಕ್ಷಯವು ವಿರಳವಾಗಿ ಕಂಡಿತು. ಎರಡು ಭಾಷೆಗಳ ನಡುವೆ ದಿನವೂ ಆಯ್ದು ಆಡುವ ಅಭ್ಯಾಸವು ಮಿದುಳಿಗೊಂದು ಇಡುಗಂಟನ್ನು ಕೂಡಿಡುವುದೆಂದೂ, ಚಕ್ಕೆ ಗಂಟುಗಳು ಮೂಡಿದ ಮೇಲೂ ಆ ಇಡುಗಂಟಿನಿಂದ ಕೆಲಕಾಲ ವ್ಯವಹಾರವು ಸಾಗುವುದೆಂದೂ ತಜ್ಞರು ಭಾವಿಸುತ್ತಾರೆ. ಹರಪನಹಳ್ಳಿ ಕೂಡ್ಲಿಗಿಗಳ ತಾಂಡಾಗಳಲ್ಲಿ ಲಂಬಾಣಿಯೊಡನೆ ಕನ್ನಡವನ್ನೂ, ಊರುಗಳಲ್ಲಿ ತೆಲುಗಿನೊಡನೆ ಇಲ್ಲವೆ ಉರ್ದುವಿನೊಡನೆ ಕನ್ನಡವನ್ನೂ ಆಡುವ ಮನೆತನಗಳು ಅನೇಕ. ಇಂತಹವರನ್ನು ಪರೀಕ್ಷಿಸುವಾಗ ಅವರ ಮನೆಮಾತಿನಲ್ಲಿ ಮಾತನಾಡಿಸದೆ ತೀರ್ಮಾನಕ್ಕೆ ಬರುವುದು ಅನ್ಯಾಯ. ರೋಗವು ಬಲಿತಂತೆ ಕಲಿತ ಭಾಷೆ ಸಡಿಲವಾಗಿ ತಾಯಿನುಡಿ ಉಳಿಯುವುದುಂಟು. ಕನ್ನಡದ ಪ್ರಶ್ನೆಗೆ ಲಂಬಾಣಿಯಲ್ಲಿ ಬಂದ ಸರಿಯಾದ ಉತ್ತರವು ತಪ್ಪೆಂದು ಎಣಿಸಲ್ಪಡಬಾರದು.

೮. ಉಪಸಂಹಾರ

ಮೇಲಣ ವಿವೇಚನೆಯಿಂದ ಸಿದ್ಧಿಸುವ ಅಂಶಗಳು ಇವು. ಜೀವಕೋಶದ ಮುಪ್ಪು ಆಲ್ಜೈಮರ್ ರೋಗಕ್ಕೆ ನೆಲವನ್ನು ಹದಗೊಳಿಸುವುದು. ಆದರೂ ಮುಪ್ಪೇ ರೋಗವಲ್ಲ. ರೋಗದಂತೆ ತೋರುವ ಮರೆವುಗಳಲ್ಲಿ ಕೆಲವು ವಾಸಿಯಾಗತಕ್ಕುವು. ಎರಡನ್ನೂ ಬೇರ್ಪಡಿಸುವ ಮೊದಲ ಸಾಧನವು ರೋಗಿಯ ನುಡಿಯಲ್ಲಿಯೇ ನಡೆಯುವ ಮಾತುಕತೆ.

ಆದುದರಿಂದ ಈ ಐದು ತಾಲ್ಲೂಕುಗಳ ಶಾಲೆ ಕಾಲೇಜುಗಳ ಭಾಷಾಧ್ಯಾಪಕರು ತಮ್ಮ ಊರಿನ ಹಿರಿಯರ ಮಾತಿನಲ್ಲಿ ಮರೆವಿಗೂ ಭ್ರಮೆಗೂ ಇರುವ ಶಬ್ದಗಳನ್ನೂ, ಎಲ್ಲರೂ ಬಲ್ಲ ವಸ್ತು, ಹಬ್ಬ, ಬೆಳೆ, ಜಾತ್ರೆಗಳ ಹೆಸರುಗಳನ್ನೂ ಕನ್ನಡ, ಲಂಬಾಣಿ, ತೆಲುಗು, ಉರ್ದುಗಳಲ್ಲಿ ಸಂಗ್ರಹಿಸಿಕೊಟ್ಟರೆ, ವೈದ್ಯರು ಅದರಿಂದ ಪ್ರಶ್ನಾವಳಿಗಳನ್ನು ರಚಿಸಿ ಪರೀಕ್ಷಿಸಲು ಅನುಕೂಲವಾದೀತು. ಮಾಂಡಲಿಕ ಶಬ್ದಕೋಶಗಳಿಗಾಗಿ ಮಾಡುವ ಕ್ಷೇತ್ರಕಾರ್ಯದೊಡನೆ ಇದನ್ನೂ ನಡೆಸಬಹುದು. ಗಾದೆಯನ್ನು ನಾಡಿನ ನಾಲಗೆಯಿಂದ ತೆಗೆದುಹಾಕುವುದು ಯಾರಿಂದಲೂ ಆಗತಕ್ಕ ಕೆಲಸವಲ್ಲ. ಅದನ್ನು ಹೇಳಿದ ಮನೆಯವರು ಮರುದಿನ ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡುಹೋಗುವಂತಾದರೆ ಸಾಕು.